ನುಂಗಿದ ಪ್ಲಾಸ್ಟಿಕ್ ಹೊತ್ತು ತರುವ ರಾಸಾಯನಿಕಗಳು: ಕಡಲ ಹಕ್ಕಿಗಳ ಅಧ್ಯಯನ ಮತ್ತು ಕೊಪ್ಪಳ ಜಿಲ್ಲೆಯ ಹೊಲ, ಕೊಟ್ಟಿಗೆ

ಪ್ಲಾಸ್ಟಿಕ್ ತಿಂದು ದನ ಸತ್ತಿತು ಎಂಬ ಸುದ್ದಿ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ರೈತ ಬಾಂಧವರಿಗೆ ಹೊಸದಲ್ಲ. ಪಶುವೈದ್ಯರು ಶಸ್ತ್ರಚಿಕಿತ್ಸೆ ಮಾಡಿ ಹೊರತೆಗೆದ ಚೀಲ, ಹಗ್ಗ, ಹಾಳೆಗಳ ಮುದ್ದೆಯನ್ನು ತಮ್ಮಲ್ಲಿ ಹಲವರು ಕಣ್ಣಾರೆ ಕಂಡಿರಬಹುದು. ಆ ಮುದ್ದೆ ಹೊಟ್ಟೆಯಲ್ಲಿ ಜಾಗ ಆಕ್ರಮಿಸಿ ಮೇವಿಗೆ ತಡೆಯೊಡ್ಡುತ್ತದೆ ಎಂಬುದು ಎಲ್ಲರಿಗೂ ತಿಳಿದ ಹಾನಿ. ಆದರೆ ಪ್ಲಾಸ್ಟಿಕ್ಕಿನ ಹಾನಿ ಅಷ್ಟಕ್ಕೇ ನಿಲ್ಲುವುದಿಲ್ಲ. ಅದರಿಂದ ಬಸಿದು ರಕ್ತಕ್ಕೆ, ಕೊಬ್ಬಿಗೆ, ಯಕೃತ್ತಿಗೆ ಸೇರುವ ರಾಸಾಯನಿಕಗಳಿವೆ. ಅವು ಕಣ್ಣಿಗೆ ಕಾಣುವುದಿಲ್ಲ, ಶಸ್ತ್ರಚಿಕಿತ್ಸೆಯಿಂದ ಹೊರಬರುವುದೂ ಇಲ್ಲ. ಈ ಎರಡನೆಯ ಹಾನಿಯನ್ನು ವಿಜ್ಞಾನಿಗಳು ಮೊದಲು ಸ್ಪಷ್ಟವಾಗಿ ಕಂಡದ್ದು ದನಗಳಲ್ಲಲ್ಲ, ಕಡಲ ಹಕ್ಕಿಗಳಲ್ಲಿ. ಕಡಲಿನಿಂದ ದೂರವಿರುವ ನಮ್ಮ ಜಿಲ್ಲೆಗೆ ಆ ಹಕ್ಕಿಗಳ ಕಥೆ ಏಕೆ ಬೇಕು, ಹಂಗಾಮಿನ ಕೊನೆಯಲ್ಲಿ ಹೊಲದಲ್ಲಿ ಉಳಿಯುವ ಪ್ಲಾಸ್ಟಿಕ್ಕನ್ನು ಏನು ಮಾಡಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಕಡಲ ಹಕ್ಕಿಗಳಿಂದ ತಿಳಿದುಬಂದದ್ದು

ಶಾಂತಸಾಗರದ ನಡುವಿನ ದ್ವೀಪಗಳಲ್ಲಿ ಗೂಡು ಕಟ್ಟುವ ಆಲ್ಬಟ್ರಾಸ್ ಎಂಬ ದೊಡ್ಡ ಹಕ್ಕಿಗಳ ಮರಿಗಳ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಚೂರುಗಳಿರುವುದು 1960ರ ದಶಕದಲ್ಲಿಯೇ ದಾಖಲಾಗಿತ್ತು. ತಾಯಿ ಹಕ್ಕಿ ನೀರಿನ ಮೇಲೆ ತೇಲುವ ಚೂರನ್ನು ಮೀನಿನ ಮೊಟ್ಟೆಯೆಂದೋ ಸಣ್ಣ ಜೀವಿಯೆಂದೋ ಭಾವಿಸಿ ನುಂಗುತ್ತದೆ. ಗೂಡಿಗೆ ಮರಳಿ ಅದನ್ನೇ ಮರಿಗೆ ಉಣಿಸುತ್ತದೆ. ಕಡಲಲ್ಲಿ ಕೆಲಕಾಲ ತೇಲಿದ ಪ್ಲಾಸ್ಟಿಕ್ಕಿನ ಮೇಲೆ ಪಾಚಿ ಬೆಳೆದು, ಆಹಾರದ ವಾಸನೆಯನ್ನೇ ಬೀರುತ್ತದೆ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಹಕ್ಕಿಯನ್ನು ಕಣ್ಣಷ್ಟೇ ಅಲ್ಲ, ಮೂಗೂ ಮೋಸಗೊಳಿಸುತ್ತದೆ. ಉಪ್ಪಿನ ರುಚಿ, ಅನ್ನದ ಗಂಜಿ ಅಂಟಿದ ಚೀಲವನ್ನು ದನ ಚೀಲಸಮೇತ ನುಂಗುವುದಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ.

1962ರಿಂದ 2012ರವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಪರಾಮರ್ಶೆಯ ಪ್ರಕಾರ, ಪರೀಕ್ಷಿಸಲಾದ ಕಡಲ ಹಕ್ಕಿ ಪ್ರಭೇದಗಳಲ್ಲಿ ಶೇ. 59ರಷ್ಟು ಪ್ರಭೇದಗಳು ಪ್ಲಾಸ್ಟಿಕ್ ನುಂಗಿದ್ದವು. ಪರಿಸ್ಥಿತಿ ಹೀಗೆಯೇ ಮುಂದುವರಿದರೆ 2050ರ ವೇಳೆಗೆ ಈ ಪ್ರಮಾಣ ಶೇ. 99ನ್ನು ಮುಟ್ಟಬಹುದೆಂದು ಅದೇ ಸಂಶೋಧಕರು ಅಂದಾಜಿಸಿದರು.

ಇಲ್ಲಿಯವರೆಗಿನದು ನುಂಗಿದ ಲೆಕ್ಕ. ನುಂಗಿದ್ದು ದೇಹದೊಳಗೆ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ಬಹುಮಟ್ಟಿಗೆ ಜಪಾನಿನ ಸಂಶೋಧಕರಿಂದ. ಟೋಕಿಯೋ ಕೃಷಿ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಪ್ರೊ. ಹಿಡೆಶಿಗೆ ತಕಾಡ ಅವರ ತಂಡ 2013ರಲ್ಲಿ ಷಿಯರ್‌ವಾಟರ್ ಎಂಬ ಕಡಲ ಹಕ್ಕಿಗಳ ಕೊಬ್ಬನ್ನು ಪರೀಕ್ಷಿಸಿತು. 12 ಹಕ್ಕಿಗಳ ಪೈಕಿ ಮೂರರ ಕೊಬ್ಬಿನಲ್ಲಿ ಬ್ರೋಮಿನ್ ಇರುವ ಬೆಂಕಿ ನಿರೋಧಕ ರಾಸಾಯನಿಕಗಳು ಸಿಕ್ಕವು. ಗಮನಿಸಬೇಕಾದ ಅಂಶವೆಂದರೆ, ಆ ಹಕ್ಕಿಗಳು ತಿನ್ನುವ ಮೀನುಗಳಲ್ಲಿ ಆ ರಾಸಾಯನಿಕಗಳು ಇರಲಿಲ್ಲ. ಅವುಗಳ ಹೊಟ್ಟೆಯಲ್ಲಿದ್ದ ಪ್ಲಾಸ್ಟಿಕ್ ಚೂರುಗಳಲ್ಲಿ ಇದ್ದವು. ವಿಷ ಬಂದ ದಾರಿ ಯಾವುದೆಂದು ಇದರಿಂದ ತಿಳಿಯಿತು. ಬಳಿಕ 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಷಿಯರ್‌ವಾಟರ್ ಮರಿಗಳಿಗೆ ಐದು ಬಗೆಯ ಸೇರ್ಪಡೆ ರಾಸಾಯನಿಕಗಳನ್ನು ಬೆರೆಸಿದ ಪ್ಲಾಸ್ಟಿಕ್ ಹರಳುಗಳನ್ನು ನೇರವಾಗಿ ಉಣಿಸಿ ನೋಡಲಾಯಿತು. ಅವುಗಳ ಯಕೃತ್ತು ಹಾಗೂ ಕೊಬ್ಬಿನಲ್ಲಿ ಈ ರಾಸಾಯನಿಕಗಳ ಮಟ್ಟ ಅನೇಕ ಪಟ್ಟು, ಕೆಲವು ಸಂದರ್ಭಗಳಲ್ಲಿ ಸಾವಿರಾರು ಪಟ್ಟು ಏರಿತ್ತು.

ಇಷ್ಟು ಸುಲಭವಾಗಿ ಬಸಿಯಲು ಕಾರಣ ಹಕ್ಕಿಯ ಹೊಟ್ಟೆಯ ಎಣ್ಣೆ. ಈ ಜಾತಿಯ ಹಕ್ಕಿಗಳು ಮೀನಿನಿಂದ ಬಂದ ಎಣ್ಣೆಯನ್ನು ಹೊಟ್ಟೆಯಲ್ಲಿ ಸಂಗ್ರಹಿಸಿಟ್ಟುಕೊಳ್ಳುತ್ತವೆ. ನೀರಿನಲ್ಲಿ ಕರಗದ ಸೇರ್ಪಡೆ ರಾಸಾಯನಿಕಗಳು ಎಣ್ಣೆಯಲ್ಲಿ ಕರಗುತ್ತವೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಉಪ್ಪಿನಕಾಯಿ ಇಟ್ಟರೆ ಡಬ್ಬಿಗೆ ಹಿಡಿದ ಬಣ್ಣ, ವಾಸನೆ ತೊಳೆದರೂ ಹೋಗದಿರುವುದನ್ನು ಮನೆಯ ಹೆಣ್ಣುಮಕ್ಕಳು ಬಲ್ಲರು. ಎಣ್ಣೆಗೂ ಪ್ಲಾಸ್ಟಿಕ್ಕಿಗೂ ಇರುವ ನಂಟು ಎರಡೂ ದಿಕ್ಕಿನದು.

ಪ್ಲಾಸ್ಟಿಕ್ಕಿನಲ್ಲಿರುವ ರಾಸಾಯನಿಕಗಳು ಎರಡು ಬಗೆ

ಮೊದಲನೆಯದು, ತಯಾರಿಕೆಯ ಹಂತದಲ್ಲಿಯೇ ಬೆರೆಸಿದ್ದು. ಬಿಸಿಲಿಗೆ ಬೇಗ ಪುಡಿಯಾಗದಿರಲು ಅತಿನೇರಳೆ ಕಿರಣ ನಿರೋಧಕಗಳು, ಬೆಂಕಿ ಹತ್ತದಿರಲು ಬ್ರೋಮಿನ್ ಸಂಯುಕ್ತಗಳು, ಮೆದುವಾಗಿಸಲು ಥ್ಯಾಲೇಟ್‌ಗಳು, ಬಣ್ಣಕ್ಕಾಗಿ ಲೋಹದ ಲವಣಗಳು. ಎಲ್ಲ ಪ್ಲಾಸ್ಟಿಕ್ಕಿನಲ್ಲಿ ಎಲ್ಲವೂ ಇರುವುದಿಲ್ಲ ಎಂಬುದನ್ನು ನೆನಪಿಡಬೇಕು. ಮಲ್ಚಿಂಗ್ ಹಾಳೆ ಮತ್ತು ಹನಿ ನೀರಾವರಿಯ ಲ್ಯಾಟರಲ್ ಕೊಳವೆ ಪಾಲಿಥೀನ್‌ನವು. ಅವುಗಳಿಗೆ ಥ್ಯಾಲೇಟ್ ಬೇಕಾಗುವುದಿಲ್ಲ, ಆದರೆ ಬಿಸಿಲಿನಲ್ಲಿ ಬಾಳಿಕೆ ಬರಲು ಕಿರಣ ನಿರೋಧಕ ಬೇಕು. ಬಾಗುವ ಪಿವಿಸಿ ಪೈಪು, ವಯರಿನ ಹೊದಿಕೆ, ಮಳೆಕೋಟು, ಹಳೆಯ ಚಪ್ಪಲಿ ಇವುಗಳಲ್ಲಿ ಥ್ಯಾಲೇಟ್ ತೂಕದ ಮೂರನೇ ಒಂದು ಭಾಗದಷ್ಟೂ ಇರಬಹುದು. ಗಟ್ಟಿ ಪಿವಿಸಿ ಪೈಪುಗಳಲ್ಲಿ ಸೀಸದ ಲವಣ ಬಳಸುವ ರೂಢಿ ಇತ್ತು. ಅದನ್ನು ಹಂತಹಂತವಾಗಿ ನಿಲ್ಲಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ರೂಪಿಸಿದೆ. ಹಳೆಯ ಪೈಪುಗಳು ಮಾತ್ರ ಇನ್ನೂ ನಮ್ಮ ಹೊಲಗಳಲ್ಲಿವೆ.

ನಾಶವಾಗದೆ ಜೀವಿಗಳಲ್ಲಿ ಸಂಗ್ರಹವಾಗುವ ರಾಸಾಯನಿಕಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದಕ್ಕೆ ಭಾರತ 2006ರಲ್ಲಿ ಸೇರಿತು. 2009ರಲ್ಲಿ ಕೆಲವು ಬ್ರೋಮಿನ್ ಬೆಂಕಿ ನಿರೋಧಕಗಳು, 2023ರಲ್ಲಿ ಯುವಿ-328 ಎಂಬ ಕಿರಣ ನಿರೋಧಕ ಆ ಒಪ್ಪಂದದ ಪಟ್ಟಿಗೆ ಸೇರಿದವು. ಜಪಾನಿನ ಪ್ರಯೋಗದಲ್ಲಿ ಮರಿಗಳಿಗೆ ಉಣಿಸಿದ ಐದು ರಾಸಾಯನಿಕಗಳಲ್ಲಿ ಯುವಿ-328 ಕೂಡ ಒಂದು.

ಎರಡನೆಯ ಬಗೆ, ಪ್ಲಾಸ್ಟಿಕ್ ಹೊರಗಿನಿಂದ ಹೀರಿಕೊಂಡದ್ದು. ಡಿಡಿಟಿ ಮುಂತಾದ ಜಿಡ್ಡುಪ್ರಿಯ ರಾಸಾಯನಿಕಗಳು ನೀರಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಪ್ಲಾಸ್ಟಿಕ್ಕಿಗೆ ಅಂಟಿ ಅಲ್ಲಿ ಸಾಂದ್ರವಾಗುತ್ತವೆ. ಸುತ್ತಲಿನ ನೀರಿಗಿಂತ ಲಕ್ಷ ಪಟ್ಟು ಹೆಚ್ಚು ಸಾಂದ್ರತೆ ಪ್ಲಾಸ್ಟಿಕ್ ಹರಳುಗಳಲ್ಲಿ ಕಂಡುಬಂದಿದೆ ಎಂದು ತಕಾಡ ಅವರ ತಂಡ 2001ರಲ್ಲಿ ವರದಿ ಮಾಡಿತು. ಈ ಗುಣ ಎಷ್ಟು ನಂಬಲರ್ಹವೆಂದರೆ, ಕೆರೆ, ನದಿಗಳ ನೀರಿನಲ್ಲಿ ಕೀಟನಾಶಕದ ಅಂಶವನ್ನು ಅಳೆಯಲು ವಿಜ್ಞಾನಿಗಳು ಪಾಲಿಥೀನ್ ಪಟ್ಟಿಗಳನ್ನೇ ನೀರಿನಲ್ಲಿ ಕೆಲವು ವಾರ ತೂಗಿಬಿಟ್ಟು, ಆಮೇಲೆ ತೆಗೆದು ಪರೀಕ್ಷಿಸುತ್ತಾರೆ. ಟೊಮೆಟೊ ಸಾಲಿನ ಕೆಳಗೆ ಹಾಸಿದ ಹಾಳೆಯೂ ಪಾಲಿಥೀನೇ. ಹಂಗಾಮಿನುದ್ದಕ್ಕೂ ಸಿಂಪರಣೆಯ ಹನಿಗಳು ಅದರ ಮೇಲೆ ಬೀಳುತ್ತವೆ. ಪೈರೆತ್ರಾಯ್ಡ್ ಗುಂಪಿನ ಕೀಟನಾಶಕಗಳಂತೂ ನೀರಿಗಿಂತ ಜಿಡ್ಡಿನಲ್ಲಿ ಬಹಳ ಹೆಚ್ಚು ಕರಗುವಂಥವು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಈ ಎರಡನೆಯ ಬಗೆಯ ಬಗ್ಗೆ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯವಿದೆ. ಸಾಗರವೆಲ್ಲ ಹರಡಿರುವ ಹಳೆಯ ಮಾಲಿನ್ಯಕಾರಕಗಳು ಹಕ್ಕಿಯನ್ನು ಸೇರುವುದು ಮುಖ್ಯವಾಗಿ ಮೀನಿನ ಮೂಲಕವೇ, ಪ್ಲಾಸ್ಟಿಕ್ಕಿನ ಪಾಲು ಅದರಲ್ಲಿ ಕಡಿಮೆ ಎಂಬ ವಾದಕ್ಕೆ ಬಲವಾದ ಆಧಾರಗಳಿವೆ. ಬೆರೆಸಿದ ರಾಸಾಯನಿಕಗಳ ವಿಷಯದಲ್ಲಿ ಅಂಥ ಸಂದೇಹ ಉಳಿದಿಲ್ಲ. ಆದ್ದರಿಂದ ವಿಸ್ತರಣಾ ಕಾರ್ಯಕರ್ತರು ರೈತರ ಸಭೆಗಳಲ್ಲಿ ಮಾತನಾಡುವಾಗ ಎಲ್ಲ ಪ್ಲಾಸ್ಟಿಕ್ಕನ್ನೂ ಒಂದೇ ಸಮನೆ ವಿಷವೆಂದು ಬಣ್ಣಿಸುವುದು ಸರಿಯಲ್ಲ. ಹೆದರಿಸಿ ಹೇಳಿದ ಮಾತು ಒಂದು ಹಂಗಾಮಿಗೆ ಮರೆತುಹೋಗುತ್ತದೆ.

ರಾಸಾಯನಿಕಗಳಲ್ಲದೆ ಚೂರುಗಳ ಉಜ್ಜುವಿಕೆಯಿಂದಲೇ ಆಗುವ ರೋಗವೊಂದನ್ನು 2023ರಲ್ಲಿ ಆಸ್ಟ್ರೇಲಿಯಾದ ಲಾರ್ಡ್ ಹೋವ್ ದ್ವೀಪದ ಷಿಯರ್‌ವಾಟರ್‌ಗಳಲ್ಲಿ ಗುರುತಿಸಿ ಅದಕ್ಕೆ ಪ್ಲಾಸ್ಟಿಕೋಸಿಸ್ ಎಂದು ಹೆಸರಿಡಲಾಗಿದೆ. ಹೊಟ್ಟೆಯ ಒಳಪದರ ಪದೇ ಪದೇ ಗಾಯಗೊಂಡು ಗಟ್ಟಿಯಾದ ಕಲೆಗಳಾಗಿ, ಜೀರ್ಣರಸ ಒಸರುವ ಗ್ರಂಥಿಗಳು ನಾಶವಾಗುತ್ತವೆ.

ತುಂಗಭದ್ರೆಯ ದಡದಲ್ಲಿ

ಕೊಪ್ಪಳ ಜಿಲ್ಲೆ ಕಡಲಿಗೆ ದೂರವಾದರೂ ಕಡಲಿನ ದಾರಿಯಲ್ಲಿದೆ. ಮುನಿರಾಬಾದಿನ ಬಳಿಯ ಜಲಾಶಯದಿಂದ ಹೊರಟ ತುಂಗಭದ್ರೆ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ದಾರಿಯಲ್ಲಿ ಶ್ರೀಶೈಲ, ನಾಗಾರ್ಜುನಸಾಗರದಂಥ ದೊಡ್ಡ ಜಲಾಶಯಗಳಿರುವುದರಿಂದ ಗಂಗಾವತಿಯ ಕಾಲುವೆಗೆ ಎಸೆದ ಬಾಟಲಿಯೆಲ್ಲ ಕಡಲು ಮುಟ್ಟುತ್ತದೆ ಎನ್ನಲಾಗದು. ಬಹುಪಾಲು ನಮ್ಮ ನೆಲದಲ್ಲಿ, ನಮ್ಮ ನೀರಿನಲ್ಲಿಯೇ ಉಳಿಯುತ್ತದೆ. ಅದೇ ಹೆಚ್ಚು ಚಿಂತೆಯ ವಿಷಯ.

ಜಲಾಶಯದ ಹಿನ್ನೀರಿಗೆ ರಾಜಹಂಸ, ಬಣ್ಣದ ಕೊಕ್ಕರೆ, ನೀರುಕಾಗೆಗಳು ಬರುತ್ತವೆ. ಕಡಲ ಹಕ್ಕಿಗಳ ಹತ್ತಿರದ ಬಂಧುವಾದ ನದಿ ರೀವ ಎಂಬ ಹಳದಿ ಕೊಕ್ಕಿನ ಹಕ್ಕಿ ಇಲ್ಲಿ ಮರಳಿನ ಮೇಲೆ, ಬಂಡೆಗಳ ಮೇಲೆ ಮೊಟ್ಟೆಯಿಡುತ್ತದೆ. ಕೊಪ್ಪಳ ತಾಲ್ಲೂಕಿನ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ನದಿಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ನೆರೆಯ ಜಿಲ್ಲೆಗಳ ಅಂಕಸಮುದ್ರ ಮತ್ತು ಮಾಗಡಿ ಕೆರೆಗಳು 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿವೆ. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ರಾತ್ರಿ ಸುತ್ತಲಿನ ಹೊಲಗಳಿಗಿಳಿದು ಮೇಯುತ್ತವೆ. ಅಂದರೆ ಈ ಭಾಗದ ನೀರಹಕ್ಕಿಗಳಿಗೆ ನಮ್ಮ ಹೊಲ, ಗದ್ದೆ, ಕಾಲುವೆಗಳೇ ಊಟದ ತಟ್ಟೆ.

ಹೊಲದಿಂದ ಹೊಟ್ಟೆಗೆ ಹೋಗುವ ದಾರಿಗಳು

ಗಂಗಾವತಿ, ಕಾರಟಗಿ ಭಾಗದ ಎಡದಂಡೆ ಕಾಲುವೆಯ ಭತ್ತದ ಪ್ರದೇಶದಲ್ಲಿ ಮುಖ್ಯ ಸಮಸ್ಯೆ ಕಳೆನಾಶಕ, ಕೀಟನಾಶಕಗಳ ಖಾಲಿ ಬಾಟಲಿ ಮತ್ತು ಪೊಟ್ಟಣ. ಬದುವಿನ ಮೇಲೆ ಎಸೆದದ್ದು ಮುಂದಿನ ನೀರು ಬಿಟ್ಟಾಗ ವಿತರಣಾ ಕಾಲುವೆ ಸೇರುತ್ತದೆ. ಇದರಲ್ಲಿ ಪ್ಲಾಸ್ಟಿಕ್ಕಿಗಿಂತ ಒಳಗೆ ಉಳಿದ ಔಷಧಿಯೇ ದೊಡ್ಡ ಅಪಾಯ. ಇನ್ನೊಂದು ದಾರಿ ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ: ಯಂತ್ರದಿಂದ ಕಟ್ಟಿದ ಭತ್ತದ ಹುಲ್ಲಿನ ಪೆಂಡಿ. ಪೆಂಡಿಗೆ ಸೆಣಬಿನ ದಾರದ ಬದಲು ಪ್ಲಾಸ್ಟಿಕ್ ದಾರ ಸುತ್ತಿದ್ದರೆ, ದಾರವನ್ನು ಬಿಡಿಸದೆ ಕತ್ತರಿಸಿ ಹುಲ್ಲಿನೊಂದಿಗೇ ಗ್ವಾದಲಿಗೆ ಹಾಕಿಬಿಡುವುದುಂಟು. ಹೊಟ್ಟೆಯಲ್ಲಿ ಈ ದಾರ ಹಾಳೆಗಳನ್ನು ಸುತ್ತಿಕೊಂಡು ಗಂಟಾಗುತ್ತದೆ. ಮೇವು ಕೊಳ್ಳುವಾಗ ಯಾವ ದಾರ ಎಂದು ವಿಚಾರಿಸಿರಿ. ಪ್ಲಾಸ್ಟಿಕ್ ದಾರವಾದರೆ ಎಣಿಸಿ ತೆಗೆಯಿರಿ: ಪೆಂಡಿಗೆ ಎರಡು ದಾರವಿದ್ದರೆ ಎರಡೂ ಕೈಗೆ ಬರಬೇಕು.

ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ ಚಿತ್ರ ಬೇರೆ. ದಾಳಿಂಬೆ, ಕಲ್ಲಂಗಡಿ, ಟೊಮೆಟೊ, ಮೆಣಸಿನಕಾಯಿ ಹಾಗೂ ನೆರಳು ಪರದೆಯೊಳಗಿನ ತರಕಾರಿ ಬೀಜೋತ್ಪಾದನೆ, ಎಲ್ಲವೂ ಪ್ಲಾಸ್ಟಿಕ್ಕನ್ನು ಅವಲಂಬಿಸಿವೆ. ಕಡಿಮೆ ನೀರಿನಲ್ಲಿ ಬೆಳೆ ತೆಗೆಯಲು ಹನಿ ನೀರಾವರಿ ಮತ್ತು ಹೊದಿಕೆ ಮಾಡಿರುವ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಅವನ್ನು ಬಿಡಿ ಎಂದು ಈ ಲೇಖನ ಹೇಳುವುದಿಲ್ಲ. ಲೆಕ್ಕವನ್ನು ಮಾತ್ರ ನೋಡೋಣ. ಐದು ಅಡಿ ಅಂತರದ ಸಾಲುಗಳಿಗೆ ನಾಲ್ಕು ಅಡಿ ಅಗಲದ, 25 ಮೈಕ್ರಾನ್ ದಪ್ಪದ ಹಾಳೆ ಹಾಸಿದರೆ ಎಕರೆಗೆ 400 ಮೀಟರಿನ ಆರೇಳು ಸುರುಳಿ ಬೇಕು. ಅದರ ತೂಕ ಸುಮಾರು 74 ಕಿ.ಗ್ರಾಂ. ಬೆಳೆಯ ಕೊನೆಗೆ ಹತ್ತನೇ ಒಂದು ಭಾಗ ಹರಿದು ಮಣ್ಣಿನಲ್ಲಿ ಉಳಿದರೂ ಪ್ರತಿ ಬೆಳೆಗೆ ಏಳು ಕಿಲೋ. ಹತ್ತು ಬೆಳೆಗೆ ಒಂದು ಎಕರೆಯ ಇಡೀ ಹಾಳೆಯೇ ಮಣ್ಣಿನೊಳಗಿರುತ್ತದೆ. ರಂಟೆ ಹೊಡೆದಷ್ಟೂ ಚೂರು ಚಿಕ್ಕದಾಗುತ್ತದೆ, ಇಲ್ಲವಾಗುವುದಿಲ್ಲ. ಎರೆ ಭೂಮಿಯಲ್ಲಂತೂ ಬೇಸಿಗೆಯ ಬಿರುಕುಗಳಿಗೆ ಚೂರುಗಳು ಇಳಿದು ರಂಟೆಗೂ ಸಿಗದ ಆಳ ಸೇರುತ್ತವೆ.

ಚೀನಾದ ಷಿಂಜಿಯಾಂಗ್ ಪ್ರಾಂತ್ಯದ ಹತ್ತಿ ಹೊಲಗಳು ಈ ದಾರಿಯಲ್ಲಿ ನಮಗಿಂತ ದಶಕಗಳಷ್ಟು ಮುಂದೆ ಹೋಗಿವೆ. 8 ಮೈಕ್ರಾನಿನ ತೆಳು ಹಾಳೆಗಳನ್ನು ವರ್ಷವರ್ಷ ಹಾಸಿ, ಎತ್ತಲಾಗದೆ ಬಿಟ್ಟು, ಮಣ್ಣಿನಲ್ಲಿ ಬೇರು ಮತ್ತು ನೀರಿನ ಚಲನೆಗೇ ಅಡ್ಡಿಯಾದ ಮೇಲೆ ಅಲ್ಲಿನ ಸರ್ಕಾರ 2018ರಿಂದ ಕನಿಷ್ಠ ದಪ್ಪವನ್ನು 10 ಮೈಕ್ರಾನಿಗೆ ಏರಿಸಿತು. ತೆಳುವಾದ ಹಾಳೆ ಕೊಳ್ಳುವಾಗ ಅಗ್ಗ, ಎತ್ತುವಾಗ ದುಬಾರಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2021ರ ವರದಿಯಂತೆ ಜಗತ್ತಿನ ಬೆಳೆ ಹಾಗೂ ಜಾನುವಾರು ಉತ್ಪಾದನೆಯಲ್ಲಿ ವರ್ಷಕ್ಕೆ 125 ಲಕ್ಷ ಟನ್ ಪ್ಲಾಸ್ಟಿಕ್ ಬಳಕೆಯಾಗುತ್ತಿದೆ.

ಬೆಳೆ ಮುಗಿದ ಮೇಲೆ ಇಂಥ ಹೊಲಗಳಲ್ಲಿ ಕುರಿ ತರುಬುವುದು ನಮ್ಮಲ್ಲಿ ಹಿಂದಿನಿಂದ ಬಂದ ಒಳ್ಳೆಯ ಪದ್ಧತಿ. ಒಣ ಎಲೆ, ಕಳೆ ಮೇಯುವ ಕೆಂಗುರಿ, ಡೆಕ್ಕನಿ ಕುರಿಗಳು ಎಲೆಗೆ ಅಂಟಿದ ಹಾಳೆಯ ಚೂರನ್ನೂ ಸೇರಿಸಿ ನುಂಗುತ್ತವೆ. ಆ ಚೂರಿನ ಮೇಲೆ ಕಳೆದ ವಾರದ ಸಿಂಪರಣೆಯೂ ಇರಬಹುದು. ಹಾಳೆ ಎತ್ತದ ಹೊಲಕ್ಕೆ ಕುರಿ ಇಳಿಸಬಾರದು; ಕುರಿಗಾರರೂ ಇಳಿಸುವ ಮುನ್ನ ಒಮ್ಮೆ ಹೊಲ ಅಡ್ಡಾಡಿ ನೋಡುವುದು ಲೇಸು.

ಜಿಲ್ಲೆಯ ಎಲ್ಲ ತಾಲ್ಲೂಕುಗಳಿಗೂ ಸಾಮಾನ್ಯವಾದ ದಾರಿ ತಿಪ್ಪೆ. ಶಾಂಪೂ, ಗುಟ್ಕಾ, ಚಹಾಪುಡಿಯ ಪೊಟ್ಟಣ, ಹಾಲಿನ ಚೀಲ ಕಸದೊಂದಿಗೆ ತಿಪ್ಪೆಗೆ ಬೀಳುತ್ತವೆ. ತಿಪ್ಪೆಯಿಂದ ಹೊಲಕ್ಕೆ ಬಂಡಿಯಲ್ಲಿ ಹೋಗುತ್ತವೆ. ಮಲ್ಚಿಂಗ್ ಹಾಳೆಯನ್ನೇ ಕಾಣದ ಜೋಳದ ಹೊಲದಲ್ಲಿಯೂ ಪ್ಲಾಸ್ಟಿಕ್ ಇರುವುದು ಹೀಗೆ. ಪಟ್ಟಣದ ಕಸದ ಗೊಬ್ಬರ ತರಿಸುವವರು ಜರಡಿ ಹಿಡಿಯದ ಗೊಬ್ಬರವನ್ನು ತರಿಸಬಾರದು.

ರಾಸುವಿನ ಹೊಟ್ಟೆಯಲ್ಲಿ

ದನದ ನಾಲಿಗೆ ಮೇವನ್ನು ಸುತ್ತಿ ಎಳೆದುಕೊಳ್ಳುತ್ತದೆ, ಆರಿಸುವುದಿಲ್ಲ. ನುಂಗಿದ್ದು ಮೊದಲು ಸೇರುವುದು ಮೆಲುಕು ಚೀಲವನ್ನು. ಅಲ್ಲಿಂದ ಮುಂದಕ್ಕೆ ಹೋಗುವ ದಾರಿ ಕಿರಿದು. ಮೆಲುಕಾಡಿ ಸಣ್ಣದಾದದ್ದು ಮಾತ್ರ ದಾಟುತ್ತದೆ. ಪ್ಲಾಸ್ಟಿಕ್ಕನ್ನು ಸೂಕ್ಷ್ಮಾಣುಗಳು ಜೀರ್ಣಿಸಲಾರವು, ಹಲ್ಲು ಪುಡಿ ಮಾಡಲಾರದು. ಹೀಗಾಗಿ ಅದು ಅಲ್ಲಿಯೇ ಕೂರುತ್ತದೆ. ವರ್ಷಗಟ್ಟಲೆ ಸೇರಿ ಹತ್ತಾರು ಕಿಲೋ ಆದ ಉದಾಹರಣೆಗಳು ಅನೇಕ. ನಮ್ಮ ಗಡಿಯಾಚೆ ಪುಟ್ಟಪರ್ತಿಯಲ್ಲಿ ಜಾನುವಾರುಗಳನ್ನು ಸಾಕುವ ಕರುಣಾ ಸೊಸೈಟಿ ಎಂಬ ಸಂಸ್ಥೆ ದನಗಳ ಹೊಟ್ಟೆಯಿಂದ ಪ್ಲಾಸ್ಟಿಕ್ ತೆಗೆಸಿದ ಅನುಭವದ ಮೇಲೆಯೇ 2012ರಲ್ಲಿ ಪ್ಲಾಸ್ಟಿಕ್ ಚೀಲಗಳ ವಿರುದ್ಧ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿತು.

ಕಡಲ ಹಕ್ಕಿಯ ಹೊಟ್ಟೆಯಲ್ಲಿ ಎಣ್ಣೆ ಮಾಡುವ ಕೆಲಸವನ್ನು ಇಲ್ಲಿ ಕಾಲ ಮಾಡುತ್ತದೆ. ಮೆಲುಕು ಚೀಲದ ಬಿಸುಪು ಸುಮಾರು 39 ಡಿಗ್ರಿ ಸೆಲ್ಸಿಯಸ್. ಸದಾ ಕಲಕುತ್ತಿರುವ ದ್ರವ, ಅದರಲ್ಲಿ ಮೇವಿನ ಕೊಬ್ಬಿನಾಮ್ಲಗಳು. ಥ್ಯಾಲೇಟ್‌ನಂಥ ರಾಸಾಯನಿಕ ದೇಹಕ್ಕೆ ಒಮ್ಮೆ ಸೇರಿದರೆ ಬೇಗ ಒಡೆದು ಮೂತ್ರದಲ್ಲಿ ಹೋಗಿಬಿಡುತ್ತದೆ. ಆದರೆ ಮೂಲವೇ ಹೊಟ್ಟೆಯೊಳಗೆ ಕುಳಿತಿದ್ದರೆ ಹೋದದ್ದು ದಿನವೂ ತುಂಬಿಕೊಳ್ಳುತ್ತದೆ. ಡಿಡಿಟಿ, ಬ್ರೋಮಿನ್ ಸಂಯುಕ್ತಗಳಂಥ ಬೇಗ ಒಡೆಯದ ರಾಸಾಯನಿಕಗಳು ಕೊಬ್ಬಿನಲ್ಲಿ ಉಳಿಯುತ್ತವೆ; ಕರೆಯುವ ರಾಸುವಿನ ದೇಹದಿಂದ ಅವು ಹೊರಬರುವ ಮುಖ್ಯ ದಾರಿ ಹಾಲಿನ ಕೊಬ್ಬು, ಕೋಳಿಯಲ್ಲಿ ಮೊಟ್ಟೆಯ ಹಳದಿ. ಮನೆಯಲ್ಲಿ ಆ ಹಾಲನ್ನು ಕುಡಿಯುವವರು ಮಕ್ಕಳು.

ಮೇವು ಕಡಿಮೆ ಮಾಡುವುದು, ಮೆಲುಕು ಹಾಕದಿರುವುದು, ಮತ್ತೆ ಮತ್ತೆ ಹೊಟ್ಟೆ ಉಬ್ಬರ, ಸಗಣಿ ಕಡಿಮೆಯಾಗುವುದು, ಹಾಲು ಇಳಿಮುಖ, ಮೈ ಇಳಿದರೂ ಎಡಭಾಗದ ಹೊಟ್ಟೆ ದಪ್ಪವಾಗಿಯೇ ಇರುವುದು, ಇವು ಕಂಡುಬಂದರೆ ಪಶುವೈದ್ಯರಿಗೆ ತೋರಿಸಿರಿ. ಸಂಚಾರಿ ಪಶು ಚಿಕಿತ್ಸೆಗೆ 1962 ಸಹಾಯವಾಣಿಗೆ ಕರೆ ಮಾಡಬಹುದು. ಎಣ್ಣೆ ಕುಡಿಸಿದರೆ, ಭೇದಿಯ ಔಷಧಿ ಕೊಟ್ಟರೆ ಹಾಳೆಗಳ ಮುದ್ದೆ ಹೊರಬರುವುದಿಲ್ಲ, ಶಸ್ತ್ರಚಿಕಿತ್ಸೆಯೊಂದೇ ಉಪಾಯ. ರಾಸು ಎಲುಬು, ಬಟ್ಟೆ, ಚಪ್ಪಲಿ, ಚೀಲ ಅಗಿಯುವ ಚಟಕ್ಕೆ ಬಿದ್ದಿದ್ದರೆ ಅದು ರಂಜಕ ಮತ್ತು ಉಪ್ಪಿನ ಕೊರತೆಯ ಲಕ್ಷಣವಿರಬಹುದು. ದೊಡ್ಡ ರಾಸುವಿಗೆ ದಿನಕ್ಕೆ 30ರಿಂದ 50 ಗ್ರಾಂ ಖನಿಜ ಮಿಶ್ರಣ, ಜೊತೆಗೆ ಉಪ್ಪು ಕೊಡುವುದರಿಂದ ಈ ಚಟ ತಗ್ಗುತ್ತದೆ. ಪ್ಲಾಸ್ಟಿಕ್ ತಡೆಯುವ ಕೆಲಸದಲ್ಲಿ ಇಷ್ಟು ಅಗ್ಗದ ಕ್ರಮ ಇನ್ನೊಂದಿಲ್ಲ, ಆದರೂ ಇದನ್ನು ಹೇಳುವವರು ಕಡಿಮೆ.

ಸುಡುವುದು ಪರಿಹಾರವಲ್ಲ

ಎತ್ತಿದ ಹಾಳೆ, ಹಳೆಯ ಪೈಪು, ಬಾಟಲಿಗಳನ್ನು ಬದುವಿನಲ್ಲಿ ರಾಶಿ ಹಾಕಿ ಬೆಂಕಿ ಇಡುವುದು ಸಾಮಾನ್ಯ. ಹೊಲ ಸ್ವಚ್ಛವಾದಂತೆ ಕಾಣುತ್ತದೆ. ಆದರೆ ಪಿವಿಸಿ ಸುಟ್ಟಾಗ ಡಯಾಕ್ಸಿನ್ ಎಂಬ, ಅತ್ಯಲ್ಪ ಪ್ರಮಾಣದಲ್ಲಿಯೂ ಹಾನಿಕರವಾದ ರಾಸಾಯನಿಕಗಳ ಗುಂಪು ಹುಟ್ಟುತ್ತದೆ; ಪಾಲಿಥೀನ್ ಸುಟ್ಟ ಮಸಿಯಲ್ಲಿ ಕ್ಯಾನ್ಸರ್‌ಕಾರಕ ಸಂಯುಕ್ತಗಳಿರುತ್ತವೆ. ಇವು ಬೂದಿಯೊಂದಿಗೆ ಮೇಲ್ಮಣ್ಣಿಗೆ ಇಳಿಯುತ್ತವೆ. ಆ ಮಣ್ಣನ್ನು ಕೆದಕಿ ತಿನ್ನುವುದು ಮನೆಯ ನಾಟಿ ಕೋಳಿ. ಕೋಳಿ ಕಾಳು ಅರೆಯಲು ಹರಳು ನುಂಗುವ ಪಕ್ಷಿಯಾದ್ದರಿಂದ ಬೆಂಕಿಯಲ್ಲಿ ಕರಗಿ ಗಟ್ಟಿಯಾದ ಪ್ಲಾಸ್ಟಿಕ್ ಹನಿಗಳನ್ನೂ ಹರಳೆಂದೇ ಆರಿಸಿಕೊಳ್ಳಬಲ್ಲದು. ಕಸ ಸುಡುವ ಜಾಗಗಳ ಸುತ್ತಲಿನ ಡಯಾಕ್ಸಿನ್ ಮಟ್ಟವನ್ನು ತಿಳಿಯಲು ಜಗತ್ತಿನ ಹಲವೆಡೆ ಅಧ್ಯಯನಕಾರರು ಮೊದಲು ಪರೀಕ್ಷಿಸುವುದೇ ಹೊರಗೆ ಮೇಯುವ ಕೋಳಿಗಳ ಮೊಟ್ಟೆಯನ್ನು. ಕಡಲ ಹಕ್ಕಿಯ ಪಾತ್ರವನ್ನು ನಮ್ಮ ಅಂಗಳದಲ್ಲಿ ವಹಿಸುವುದು ಈ ಕೋಳಿಯೇ.

ಹಾಳೆ ಎತ್ತುವ ಕ್ರಮ ಮತ್ತು ಖಾಲಿ ಬಾಟಲಿಗಳ ವಿಲೇವಾರಿ

ಹಾಳೆಯನ್ನು ಪೂರ್ತಿ ಎತ್ತುವುದು ಕೊಳ್ಳುವ ದಿನವೇ ತೀರ್ಮಾನವಾಗುತ್ತದೆ. ತರಕಾರಿಗೆ 25ರಿಂದ 30 ಮೈಕ್ರಾನಿಗಿಂತ ತೆಳುವಾದದ್ದನ್ನು ಕೊಳ್ಳಬೇಡಿರಿ. ‘ತಾನಾಗಿ ಕರಗುತ್ತದೆ’ ಎಂದು ಮಾರುವ ಕೆಲವು ಹಾಳೆಗಳು ಬಿಸಿಲಿಗೆ ಬೇಗ ಚೂರಾಗುವಂತೆ ಮಾಡಿದ ಸಾಮಾನ್ಯ ಪ್ಲಾಸ್ಟಿಕ್ಕೇ ಆಗಿರುತ್ತವೆ. ಇಂಥವನ್ನು ಐರೋಪ್ಯ ಒಕ್ಕೂಟ 2019ರಲ್ಲಿ ನಿಷೇಧಿಸಿತು. ನಿಜವಾಗಿ ಗೊಬ್ಬರವಾಗುವ ಹಾಳೆಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರವಿರಬೇಕು, ಅದನ್ನು ಕೇಳಿ ನೋಡಿರಿ. ಪ್ಲಾಸ್ಟಿಕ್ಕೇ ಬೇಡವೆನ್ನುವವರಿಗೆ ಒಣಹುಲ್ಲು, ಶೇಂಗಾ ಹೊಟ್ಟು, ಕಬ್ಬಿನ ರವದಿಯ ಹೊದಿಕೆ ಇದ್ದೇ ಇದೆ. ಮೇವಿಗೆ ಒದಗದ ಭತ್ತದ ಹುಲ್ಲನ್ನು ಗಂಗಾವತಿಯ ಗದ್ದೆಗಳಲ್ಲಿ ಸುಡುವುದು, ಅದೇ ಜಿಲ್ಲೆಯ ಇನ್ನೊಂದು ತುದಿಯಲ್ಲಿ ಹೊದಿಕೆಗೆಂದು ಪ್ಲಾಸ್ಟಿಕ್ ಕೊಳ್ಳುವುದು, ಇವೆರಡನ್ನೂ ಒಟ್ಟಿಗೆ ಯೋಚಿಸುವ ರೈತ ಉತ್ಪಾದಕ ಸಂಸ್ಥೆಗಳು ಮುಂದೆ ಬರಬೇಕಾಗಿದೆ.

ಕೊನೆಯ ಕೊಯ್ಲಾದ ಕೂಡಲೇ, ಹಾಳೆ ಬಿಸಿಲಿಗೆ ಪೆಡಸಾಗುವ ಮುನ್ನ ಎತ್ತಬೇಕು. ಎರಡು ದಿನ ಮುಂಚೆ ಹನಿ ನೀರಾವರಿಯಿಂದ ತೆಳುವಾಗಿ ನೀರು ಕೊಟ್ಟು, ಮಣ್ಣು ಹದವಾದಾಗ ಗಿಡಗಳನ್ನು ಬುಡದಲ್ಲಿ ಕತ್ತರಿಸಿ ಹೊರಹಾಕಿ, ಲ್ಯಾಟರಲ್ ಕೊಳವೆಗಳನ್ನು ಮೊದಲು ಎಳೆದುಕೊಳ್ಳಿರಿ. ಹೂತ ಅಂಚನ್ನು ಸಲಿಕೆಯಿಂದ ಸಡಿಲಿಸಿದ ಮೇಲೆ ಹಾಳೆಯನ್ನು ಸಾಲಿನ ಒಂದು ತುದಿಯಿಂದ ಸುತ್ತುತ್ತ ಬಂದರೆ ಹರಿಯುವುದು ಕಡಿಮೆ. ಅಡ್ಡಡ್ಡ ಎಳೆದರೆ ಅಂಚು ಮಣ್ಣಿನಲ್ಲಿ ಉಳಿಯುತ್ತದೆ. ಅಂಟಿದ ಮಣ್ಣನ್ನು ಕೊಡವಿ, ಒಣಗಿಸಿ, ನೆರಳಿನಲ್ಲಿ ಇಡಿರಿ. ಮಣ್ಣು ತುಂಬಿದ ಹಾಳೆಯನ್ನು ಗುಜರಿಯವರು, ಮರುಬಳಕೆ ಘಟಕದವರು ತೆಗೆದುಕೊಳ್ಳುವುದಿಲ್ಲ. ಗ್ರಾಮ ಪಂಚಾಯಿತಿಯ ಸ್ವಚ್ಛ ಸಂಕೀರ್ಣ ಘಟಕಕ್ಕೆ ಮುಂಚಿತವಾಗಿ ತಿಳಿಸಿ, ಊರಿನ ನಾಲ್ಕಾರು ರೈತರ ಹಾಳೆ ಒಂದೇ ದಿನ ಸೇರುವಂತೆ ಮಾಡಿದರೆ ವಾಹನ ಬರುತ್ತದೆ. ಕೂಲಿ ಖರ್ಚು ಹಾಳೆಯ ಖರ್ಚಿನ ಭಾಗವೆಂದೇ ಬೆಳೆಯ ಲೆಕ್ಕದಲ್ಲಿ ಬರೆದುಕೊಳ್ಳಿರಿ. ಅದನ್ನು ಬರೆಯದಿದ್ದರೆ ಹೊದಿಕೆ ನಿಜಕ್ಕಿಂತ ಲಾಭದಾಯಕವಾಗಿ ಕಾಣುತ್ತದೆ. ಕೃಷಿ ಹೊಂಡದ ಹಾಳೆಯ ಅಂಚು ಬಿಸಿಲಿಗೆ ಚಕ್ಕೆ ಏಳುತ್ತಿದ್ದರೆ, ನೀರು ಕುಡಿಯಲು ಬರುವ ದನಕರುಗಳಿಗೆ ಸಿಗದಂತೆ ಅದನ್ನು ಮಣ್ಣಿನಿಂದ ಮುಚ್ಚಿರಿ ಅಥವಾ ಕತ್ತರಿಸಿ ತೆಗೆಯಿರಿ.

ಕೀಟನಾಶಕದ ಬಾಟಲಿ ಖಾಲಿಯಾದ ತಕ್ಷಣ, ಸಿಂಪರಣಾ ದ್ರಾವಣ ಕಲಸುವ ಹೊತ್ತಿನಲ್ಲಿಯೇ, ಬಾಟಲಿಯ ಕಾಲು ಭಾಗ ನೀರು ಹಾಕಿ ಅರ್ಧ ನಿಮಿಷ ಚೆನ್ನಾಗಿ ಕುಲುಕಿ ಆ ನೀರನ್ನು ಸಿಂಪರಣಾ ಟ್ಯಾಂಕಿಗೇ ಸುರಿಯಿರಿ. ಹೀಗೆ ಮೂರು ಸಲ. ಔಷಧಿಯೂ ವ್ಯರ್ಥವಾಗುವುದಿಲ್ಲ. ಒಣಗಿ ಹೋದ ಬಾಟಲಿಯನ್ನು ಆಮೇಲೆ ಎಷ್ಟು ತೊಳೆದರೂ ಅಷ್ಟು ಪ್ರಯೋಜನವಿಲ್ಲ. ಈ ನೀರನ್ನು ಕಾಲುವೆಗೆ, ದನ ಕುಡಿಯುವ ಹೊಂಡಕ್ಕೆ ಚೆಲ್ಲಬಾರದು. 1971ರ ಕೀಟನಾಶಕ ನಿಯಮಗಳ ಪ್ರಕಾರ ಖಾಲಿ ಡಬ್ಬಿಗಳನ್ನು ಮರುಬಳಕೆಯಾಗದಂತೆ ಒಡೆದು, ಜನವಸತಿಯಿಂದ ದೂರ ಹೂಳಬೇಕು. ಹೂಳುವ ಜಾಗ ಬಾವಿ, ಕೊಳವೆಬಾವಿ, ಹಳ್ಳದ ದಡದಿಂದಲೂ ದೂರವಿರಲಿ. ನೀರು, ಹಾಲು, ಎಣ್ಣೆ ತುಂಬಲು ಇವನ್ನು ಬಳಸುವುದು ಎಷ್ಟೇ ತೊಳೆದ ಮೇಲೂ ಸಲ್ಲದು: ಪ್ಲಾಸ್ಟಿಕ್ಕಿನ ಗೋಡೆ ಹೀರಿಕೊಂಡ ಔಷಧಿ ಹಾಲಿನ ಜಿಡ್ಡಿಗೆ ಮತ್ತೆ ಬಸಿಯುತ್ತದೆ.

ವಿಸ್ತರಣಾ ಕಾರ್ಯಕರ್ತರಿಗೆ

ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಗಳಿಗೆ 2016ರ ಮಾರ್ಚ್ ತಿಂಗಳಿನಿಂದ, ದೇಶದಾದ್ಯಂತ ಒಂದು ಬಾರಿ ಬಳಸಿ ಎಸೆಯುವ ಹಲವು ವಸ್ತುಗಳಿಗೆ 2022ರ ಜುಲೈ 1ರಿಂದ ನಿಷೇಧವಿದೆ. ಮಲ್ಚಿಂಗ್ ಹಾಳೆ, ಹನಿ ಕೊಳವೆ, ಪ್ರೋ ಟ್ರೇ, ನೆರಳು ಪರದೆಗಳು ಈ ನಿಷೇಧದ ವ್ಯಾಪ್ತಿಗೆ ಬರುವುದಿಲ್ಲ. ಅವುಗಳ ಸಂಗ್ರಹಣೆ ರೈತರ ಮತ್ತು ನಮ್ಮ ಪ್ರಯತ್ನವನ್ನೇ ಅವಲಂಬಿಸಿದೆ. ಹೊದಿಕೆಯ ಪ್ರಾತ್ಯಕ್ಷಿಕೆ ಏರ್ಪಡಿಸುವಾಗ ಹಾಳೆ ಹಾಸುವ ದಿನಕ್ಕೆ ರೈತರನ್ನು ಕರೆಯುವಂತೆ ಎತ್ತುವ ದಿನಕ್ಕೂ ಕರೆಯಿರಿ. ಹಾಸುವ ಮುನ್ನ ಸುರುಳಿಯನ್ನು ತೂಗಿ, ಎತ್ತಿ ಕೊಡವಿ ಒಣಗಿಸಿದ ಮೇಲೆ ಮತ್ತೊಮ್ಮೆ ತೂಗಿ, ಎರಡು ತೂಕಗಳ ವ್ಯತ್ಯಾಸವನ್ನು ಅಲ್ಲಿಯೇ ಹಲಗೆಯ ಮೇಲೆ ಬರೆದು ತೋರಿಸಿರಿ. ಜಾನುವಾರು ಶಿಬಿರಗಳಲ್ಲಿ ಪಶುವೈದ್ಯರು ಹೊಟ್ಟೆಯಿಂದ ಪ್ಲಾಸ್ಟಿಕ್ ತೆಗೆದ ಸಂದರ್ಭವಿದ್ದರೆ, ಅದರಲ್ಲಿ ಕೈಚೀಲ ಎಷ್ಟು, ಹುಲ್ಲಿನ ದಾರ ಎಷ್ಟು, ಮಲ್ಚಿಂಗ್ ಹಾಳೆ ಎಷ್ಟು ಎಂದು ಬೇರೆಬೇರೆಯಾಗಿ ತೂಗಿ, ಊರಿನ ಹೆಸರಿನೊಂದಿಗೆ ದಾಖಲಿಸಿಕೊಳ್ಳುವಂತೆ ವಿನಂತಿಸಿರಿ. ಯಾವ ಊರಿನಲ್ಲಿ ತಿಪ್ಪೆಯಿಂದ, ಯಾವ ಊರಿನಲ್ಲಿ ಹೊಲದಿಂದ ಪ್ಲಾಸ್ಟಿಕ್ ಬರುತ್ತಿದೆ ಎಂಬುದು ಆ ದಾಖಲೆಯಿಂದಲೇ ತಿಳಿಯುತ್ತದೆ. ಮುಂದಿನ ಸಭೆಯನ್ನು ಯಾವ ಊರಿನಲ್ಲಿ, ಯಾವ ವಿಷಯದ ಮೇಲೆ ನಡೆಸಬೇಕೆಂಬುದನ್ನು ಆಗ ನಿರ್ಧರಿಸಬಹುದು. ಹೆಚ್ಚಿನ ಮಾಹಿತಿಗೆ ಸಮೀಪದ ರೈತ ಸಂಪರ್ಕ ಕೇಂದ್ರ, ಪಶು ಆಸ್ಪತ್ರೆ ಅಥವಾ ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.